ದಂಡೆಯ ಮೇಲೆ ಕಟ್ಟಿದ ಉಸಿರಿನ ಗಡಿಯಾರ

ತಾನು ಎಂದೂ ಬಳಸದ ವಸ್ತುವನ್ನು ಆರಿಸುವಾಗ ಮನುಷ್ಯನಿಗೆ ಬರುವ ಹುರುಪು ಸ್ವಂತಕ್ಕೆ ಚಪ್ಪಲಿ ಕೊಳ್ಳುವಾಗ ಬರುವುದಿಲ್ಲ. ಚಪ್ಪಲಿ ಕಚ್ಚಿದರೆ ನಮ್ಮ ಕಾಲನ್ನೇ ಕಚ್ಚುತ್ತದೆ ಎಂಬ ಭಯ ಇರುತ್ತದಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಶಹಾಬಾದಿನ ಒಂದು ಕಲ್ಲಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ನೀರಿನಲ್ಲಿ ಮುಳುಗುವವರು ಮುಂಗೈಗೆ ಗಡಿಯಾರದ ಹಾಗೆ ಕಟ್ಟಿಕೊಳ್ಳುವ, ಆಳವನ್ನೂ ಉಳಿದ ಗಾಳಿಯನ್ನೂ ತೋರಿಸುವ ಡೈವ್ ಕಂಪ್ಯೂಟರನ್ನು ಆರಿಸುವ ಕೆಲಸ ಆಗ ನನ್ನ ಪಾಲಿಗೆ ಬಂತು. ನನಗೆ ಈಜು ಬಾರದು. ಕಾಗಿಣಾ ನದಿಯಲ್ಲಿ ಗ್ರಹಣದ ಸ್ನಾನವನ್ನೂ ದಂಡೆಯಲ್ಲಿ ಕುಳಿತು ತಂಬಿಗೆಯಿಂದ ಮುಗಿಸಿದವನು ನಾನು. ಆದರೂ ಮಾಲೀಕರು ಕೇಳಿದ ಕೂಡಲೇ ಹೂಂ ಎಂದುಬಿಟ್ಟೆ.

ನಮ್ಮ ಕಾರ್ಖಾನೆಗೆ ನೀರು ಬರುತ್ತಿದ್ದದ್ದು ಹಿಂದೆ ಕಲ್ಲು ತೆಗೆದು ಬಿಟ್ಟ ಒಂದು ಹಳೆಯ ಖಣಿಯಿಂದ. ಮಳೆನೀರು ತುಂಬಿ ಅದು ದೊಡ್ಡ ಹೊಂಡವಾಗಿತ್ತು. ತಳದ ಪೈಪಿನ ಬಾಯಿಗೆ ಕಲ್ಲಿನ ಕೆಸರು ಸಿಕ್ಕಾಗಲೆಲ್ಲ ಕಾರ್ಖಾನೆಯ ಆಳು ಮಾಳಪ್ಪ ಉಸಿರು ಕಟ್ಟಿ ಮುಳುಗಿ ಬಿಡಿಸಿ ಬರುತ್ತಿದ್ದ. ಅವನ ಸೊಂಟಕ್ಕೆ ಒಂದು ಹಗ್ಗ. ಹಗ್ಗದ ಇನ್ನೊಂದು ತುದಿ ದಂಡೆಯ ಮೇಲೆ ಅವನ ಹೆಂಡತಿ ನಾಗಮ್ಮನ ಕೈಯಲ್ಲಿ. ಬೇರೆಯವರು ಹಗ್ಗ ಹಿಡಿಯಲು ಅವಳು ಬಿಡುತ್ತಿರಲಿಲ್ಲ. ಮೇಲಿಂದ ಇವಳು ಒಮ್ಮೆ ಜಗ್ಗಿದರೆ ಕೆಳಗಿಂದ ಅವನು ಒಮ್ಮೆ ಜಗ್ಗಬೇಕು, ಇದ್ದೇನೆ ಎಂದು. ಗಂಡಹೆಂಡಿರ ನಡುವೆ ಅಷ್ಟು ಚಿಕ್ಕದಾಗಿ, ಅಷ್ಟು ಸ್ಪಷ್ಟವಾಗಿ ನಡೆದ ಮಾತುಕತೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ನಮ್ಮ ಮನೆಯಲ್ಲಿಯಂತೂ ಇಲ್ಲ. ಆ ವರ್ಷ ಮಾಲೀಕರು ಮುಂಬೈಯಿಂದ ಗಾಳಿ ತುಂಬಿದ ಸಿಲಿಂಡರು, ಮುಖವಾಡ ಎಲ್ಲ ತರಿಸಿ ಮಾಳಪ್ಪನಿಗೆ ತರಬೇತಿ ಕೊಡಿಸಿದರು. ಉಳಿದದ್ದು ಕಂಪ್ಯೂಟರು ಮಾತ್ರ.

ಮೂರು ಕ್ಯಾಟಲಾಗು ಬಂದವು. ಅವನ್ನು ಓದಿದೆ ಎಂದರೆ ಸುಳ್ಳಾಗುತ್ತದೆ, ಅವುಗಳಲ್ಲಿ ಮುಳುಗಿದೆ. ಒಂದೊಂದು ಪುಟದಲ್ಲೂ ಎಂಥ ನೀಲಿ ನೀರು! ಹಳದಿ ಮೀನುಗಳು ಸಾಲುಗಟ್ಟಿ ಹೋಗುತ್ತಿದ್ದವು. ಹೊರಗೆ ಕಲ್ಲು ಕೊಯ್ಯುವ ಯಂತ್ರಗಳು ಕಿರುಚುತ್ತಿದ್ದರೂ ನನ್ನ ಕಿವಿಯಲ್ಲಿ ಗುಳುಗುಳು ಸದ್ದು. ಮೇಜಿನ ಮೇಲೆ ಕುಳಿತ ಕಲ್ಲಿನ ಧೂಳು ಸಮುದ್ರದ ತಳದ ಮರಳಿನ ಹಾಗೆ ಕಾಣುತ್ತಿತ್ತು. ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ಇದೇ ಗುಂಗಿನಲ್ಲಿ ಕುಳಿತು ನನ್ನ ರೈಲನ್ನು ನಾನೇ ಬೀಳ್ಕೊಟ್ಟೆ. ಊಟಕ್ಕೆ ಕುಳಿತಾಗ ರೊಟ್ಟಿ ಹಿಡಿದ ಕೈಯನ್ನು ನಿಧಾನವಾಗಿ, ನೀರಿನೊಳಗೆ ಆಡಿಸುವಂತೆ ಆಡಿಸುತ್ತಿದ್ದೇನೆಂದು ಹೆಂಡತಿ ಹೇಳಿದಳು. ಒಟ್ಟಿನಲ್ಲಿ ತಿಳಿದುಕೊಂಡದ್ದು ಇಷ್ಟು: ಒಂದು ಬಗೆಯ ಕಂಪ್ಯೂಟರಿಗೆ ಸಿಲಿಂಡರಿನಿಂದ ಕೊಳವೆ ಬರುತ್ತದೆ. ಇನ್ನೊಂದಕ್ಕೆ ಕೊಳವೆ ಇಲ್ಲ. ಸಿಲಿಂಡರಿಗೆ ಕೂಡಿಸಿದ ಚಿಕ್ಕ ಡಬ್ಬಿ ಎಷ್ಟು ಗಾಳಿ ಉಳಿದಿದೆ ಎಂಬುದನ್ನು ವೈರ್‌ಲೆಸ್ಸಿನಲ್ಲೇ ಗಡಿಯಾರಕ್ಕೆ ತಿಳಿಸುತ್ತದೆ.

ಯಾವುದು ಎಂದು ತೂಗುತ್ತಿದ್ದಾಗ ನಾಗಮ್ಮ ಕಚೇರಿಯ ಬಾಗಿಲಿಗೆ ಬಂದಳು. ಕುಂದ್ರಿ ಎಂದರೂ ಕೂರಲಿಲ್ಲ.

“ಹಗ್ಗ ಜಗ್ಗಿದ್ರ ಅವ್ರು ಇದ್ದಾರಂತ ತಿಳೀತದರೀ ಆಚಾರ್ರ,” ಎಂದಳು. “ಒಳಗ ಉಸರು ಎಷ್ಟ್ ಉಳದದಂತ ತಿಳ್ಯಂಗಿಲ್ಲ. ಅವ್ರಿಗಿ ಕೆಲಸ ಹತ್ತಿದ್ರ ಗಡಿಯಾರ ನೋಡೋ ಮನಷಾರಲ್ಲ. ಮ್ಯಾಲ ನನಗ ತಿಳೀಬೇಕ್ರಿ.”

ವೈರ್‌ಲೆಸ್ ಎಂದರೆ ನನ್ನ ಪಾಲಿಗೆ ಪೊಲೀಸ್ ಠಾಣೆಯದು. ಸೇಡಂನಲ್ಲಿ ಮಾತಾಡಿದರೆ ಚಿತ್ತಾಪುರದಲ್ಲಿ ಕೇಳುವಂಥದು. ಅಷ್ಟು ದೂರ ಹೋಗುವ ಸುದ್ದಿ ಹೊಂಡದ ತಳದಿಂದ ದಂಡೆಗೆ ಬಾರದೇ ಇರುತ್ತದೆಯೇ? ಗಡಿಯಾರವನ್ನು ಮುಳುಗುವವನಿಗೇ ಏಕೆ ಕಟ್ಟಬೇಕು, ಚಿಂತೆ ಮಾಡುವವರಿಗೆ ಕಟ್ಟಬೇಕು. ಹಗ್ಗದ ನ್ಯಾಯವೂ ಇದೇ ಅಲ್ಲವೇ? ವೈರ್‌ಲೆಸ್ಸೇ ಬೇಕೆಂದು ಬರೆದೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಗಡಿಯಾರ ಬಂದ ದಿನ ಹೊಂಡದ ಸುತ್ತ ಜನ ಸೇರಿದರು. ನಾನೇ ಅದನ್ನು ನಾಗಮ್ಮನ ಹಸಿರು ಬಳೆಗಳ ಮೇಲೆ ಕಟ್ಟಿದೆ. ಮಾಳಪ್ಪ ದಂಡೆಯಲ್ಲಿ ನಿಂತಿರುವಾಗ ಅಂಕಿಗಳು ಚೆನ್ನಾಗಿ ಬಂದವು. ನಾಗಮ್ಮ ನನ್ನತ್ತ ನೋಡಿ ನಕ್ಕಳು. ಅವನು ಮುಳುಗಿದ. ನೀರು ಮುಚ್ಚಿಕೊಂಡು ಆಕಾಶ ಅದರಲ್ಲಿ ಮತ್ತೆ ನೆಟ್ಟಗಾಯಿತು. ಎಲ್ಲ ಕನಸಿನ ಹಾಗಿತ್ತು. ಸ್ವಲ್ಪ ಹೊತ್ತಿಗೆ ಅಂಕಿಗಳು ಮಿನುಗಿದವು. ಆಮೇಲೆ ಅಂಕಿಗಳೇ ಇಲ್ಲ, ಎರಡು ಗೀಟು ಮಾತ್ರ.

“ಹಿಂಗಂದ್ರ ಏನ್ರಿ?” ಎಂದು ನಾಗಮ್ಮ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು, “ಗಾಳಿ ತೀರಿತು, ಎಳೀರಿ,” ಎಂದೆ. ಅವಳು ಒಮ್ಮೆ ಜಗ್ಗಿ ಕೇಳುವುದನ್ನೂ ಮರೆತು ಎರಡೂ ಕೈಯಿಂದ ಎಳೆದಳು. ಬಳೆಗಳು ಒಡೆದವು. ಆಳದಿಂದ ಹೀಗೆ ಒಮ್ಮೆಗೇ ಎಳೆದರೆ ಜೀವಕ್ಕೇ ಅಪಾಯವಂತೆ; ಮೊದಲ ದಿನವೆಂದು ಮಾಳಪ್ಪ ಹೆಚ್ಚು ಆಳಕ್ಕೆ ಇಳಿಯದೆ ಇದ್ದದ್ದು ಪುಣ್ಯ. ಒದ್ದಾಡುತ್ತ ಮೇಲೆ ಬಂದವನು ಮುಖವಾಡ ಕಿತ್ತು, “ಸಿಲಿಂಡರ್ ತುಂಬ ಗಾಳಿ ಅದ. ಯಾಕ ಎಳದಿ?” ಎಂದ. ನಾಗಮ್ಮ ಅವನ ಒದ್ದೆ ಎದೆಯ ಮೇಲೆ ಕೈಯಿಟ್ಟು, ಅದು ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕುಳಿತಳು. ಅದನ್ನು ನೋಡಿ ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಕಚೇರಿಗೆ ಬಂದು ಕ್ಯಾಟಲಾಗು ತೆಗೆದೆ. ನೀರಿನೊಳಗಿನ ವೈರ್‌ಲೆಸ್ ಸುದ್ದಿ ತೋಳಿನಷ್ಟು ದೂರ ಹೋಗುತ್ತದೆ, ಗಡಿಯಾರ ಮುಳುಗುವವನ ಕೈಯಲ್ಲೇ ಇರಬೇಕು ಎಂದು ಹಳದಿ ಮೀನುಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ನಾನು ಆ ಪುಟವನ್ನು ಹತ್ತು ಸಲವಾದರೂ ನೋಡಿದ್ದೆ. ಮೀನುಗಳಾಚೆಗೆ ಹೋಗಿರಲಿಲ್ಲ.

ಮರುದಿನ ಹೋಗಿ ಇಬ್ಬರ ಮುಂದೆಯೂ ತಪ್ಪೊಪ್ಪಿಕೊಂಡೆ. ಮಾಳಪ್ಪ ಗಡಿಯಾರವನ್ನು ತನ್ನ ಕೈಗೆ ಕಟ್ಟಿಕೊಂಡು ನೀರಿಗಿಳಿದ. ನಾಗಮ್ಮ ಹಗ್ಗವನ್ನು ಎರಡು ಸುತ್ತು ಹಿಡಿದು, ಉಳಿದ ತುದಿಯನ್ನು ನನ್ನ ಕೈಗಿಟ್ಟಳು.

“ನೀವೂ ಹಿಡೀರಿ. ಎಳೀರಿ ಅನ್ನೋದು ಸಸಾರ ಅದ.”

ಅಂದಿನಿಂದ ಮಾಳಪ್ಪ ಮುಳುಗಿದಾಗಲೆಲ್ಲ ಹಗ್ಗದ ತುದಿಯಲ್ಲಿ ನಾನೂ ನಿಲ್ಲುತ್ತಿದ್ದೆ. ಅವಳು ಜಗ್ಗಿ, ಕೆಳಗಿಂದ ಉತ್ತರ ಬರುವವರೆಗೆ ನನಗೆ ಉಸಿರೇ ಆಡುತ್ತಿರಲಿಲ್ಲ. ಮಾಳಪ್ಪನ ಸಿಲಿಂಡರಿನ ಗಾಳಿ ಮುಕ್ಕಾಲು ತಾಸು ಬರುತ್ತಿತ್ತು. ದಂಡೆಯ ಮೇಲೆ ಇಷ್ಟೊಂದು ಗಾಳಿ ಪುಕ್ಕಟೆಯಾಗಿದ್ದರೂ, ನನ್ನದು ಒಂದು ನಿಮಿಷವೂ ಬರುತ್ತಿರಲಿಲ್ಲ.