ಕಪಾಟಿನ ಮೇಲಿನ ಪಾರಿತೋಷಕ

ಮಾನ್ಯ ಓದುಗರ ಸನ್ನಿಧಿಯಲ್ಲಿ ವಿನಮ್ರವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಮನುಷ್ಯನ ಕೈಬರಹ ಸುಂದರವಾಗಿರಬಾರದು. ದುರದೃಷ್ಟವಶಾತ್ ಇದ್ದರೂ ಅದನ್ನು ನಾಲ್ಕು ಜನರ ಎದುರು ತೋರಿಸಬಾರದು. ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿರುವ ನಾನು ಇದುವರೆಗೆ ಅರ್ಜಿ, ಜ್ಞಾಪನ, ತಿಳುವಳಿಕೆ ಪತ್ರಗಳ ಹೊರತು ಬೇರೇನನ್ನೂ ಬರೆದವನಲ್ಲ. ಆದ್ದರಿಂದ ಈ ಪ್ರಬಂಧದಲ್ಲಿ ಲೋಪದೋಷಗಳು ಕಂಡುಬಂದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ಕಂಡುಬರುತ್ತವೆಂಬ ಭಯದಿಂದ ಈ ಮೊದಲ ಪರಿಚ್ಛೇದವನ್ನೇ ನಾಲ್ಕು ಸಲ ನಕಲು ತೆಗೆದಿದ್ದೇನೆ.

ವಿಷಯವೇನೆಂದರೆ, ಕೋಡಿಬಾಗದ ನಮ್ಮ ಮನೆಯ ಕಪಾಟಿನ ಮೇಲೆ ಎರಡು ಕಿವಿಗಳ ಒಂದು ದೊಡ್ಡ ಬೆಳ್ಳಿಬಣ್ಣದ ಕಪ್ ಆರು ವರ್ಷಗಳಿಂದ ಕುಳಿತಿತ್ತು. ನನ್ನ ಪತ್ನಿ ಶಾರದಾ ಅದರಲ್ಲಿ ತಲೆಪಿನ್ನು, ಗ್ಯಾಸಿನ ಪುಸ್ತಕ, ಯಾವ ಬೀಗಕ್ಕೂ ಸೇರದ ಬೀಗದ ಕೈಗಳನ್ನು ಹಾಕಿಡುತ್ತಿದ್ದಳು. ಬಂದ ನೆಂಟರು, “ಯಜಮಾನ್ರು ಗೆದ್ದದ್ದೇನ್ರಿ?” ಎಂದು ಕೇಳಿದರೆ ಆಕೆಯ ಉತ್ತರ ಸಿದ್ಧವಿರುತ್ತಿತ್ತು: “ಗೆದ್ದದ್ದು ನನ್ನ ತಮ್ಮ. ಹಿಡಿದಿಟ್ಟದ್ದು ಇವರು.” ಹಾಗೆ ಹೇಳಿ ನನಗೇ ಚಹಾ ತರಲು ಸೂಚಿಸುತ್ತಿದ್ದಳು.

ಹಿನ್ನೆಲೆಯನ್ನು ವಿವರಿಸಬೇಕಾಗಿದೆ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಕಾರವಾರದ ನಮ್ಮ ಕಾಲೇಜಿಗೂ ಅಂಕೋಲೆಯ ಕಾಲೇಜಿಗೂ ಬಾಸ್ಕೆಟ್‌ಬಾಲಿನಲ್ಲಿ ಹಳೆಯ ಹಗೆತನ. ಕಾಲೇಜು ಬಿಟ್ಟು ಎಷ್ಟೋ ವರ್ಷವಾದರೂ ಆ ಪಂದ್ಯಕ್ಕೆ ನಾನು ರಜೆ ಹಾಕಿ ಹೋಗುತ್ತಿದ್ದೆ. ಸತತ ಮೂರು ವರ್ಷ ಸೋತಿದ್ದೆವು. ಈ ಸಲ ಗೆದ್ದರೆ ಐದು ತೆಂಗಿನಕಾಯಿ ಒಡೆಯುವುದಾಗಿ ದೇವಿಗೆ ಹರಕೆ ಹೊತ್ತು, ಚೀಲದೊಂದಿಗೆ ಕೋರ್ಟಿನ ಅಂಚಿನ ಕಲ್ಲಿನ ಬಳಿ ಕುಳಿತೆ. ಕೈಗಾ ಅಣುಸ್ಥಾವರದಿಂದ ಮರಳುತ್ತಿದ್ದ ನೌಕರರು ಬಸ್ಸಿನ ಕಿಟಕಿಯಿಂದ ಕತ್ತು ಹೊರಹಾಕಿ, “ಎಷ್ಟಾಯ್ತೋ?” ಎಂದು ಕೂಗುವಷ್ಟು ಬಿಸಿ ಇದ್ದ ಪಂದ್ಯ ಅದು. ಕೊನೆಗೆ ಅರ್ಧ ನಿಮಿಷ ಉಳಿದಿರುವಾಗ ನಾವು ಒಂದು ಅಂಕ ಮುಂದಿದ್ದೆವು. ಚೆಂಡೂ ನಮ್ಮ ನಾಯಕನ ಕೈಯಲ್ಲೇ ಇತ್ತು.

ಮಂಜೂರಾಗುವುದು ಖಚಿತವಿರುವ ಕಡತಕ್ಕೆ ಮುದ್ರೆಯನ್ನು ಮೊದಲೇ ಒತ್ತಿಡುವುದು ನಮ್ಮ ಕಚೇರಿಯ ಪದ್ಧತಿ. ಅದೇ ಅಭ್ಯಾಸಬಲದಿಂದ ನಾನು ಐದೂ ಕಾಯಿಗಳನ್ನು ಒಂದರ ಹಿಂದೊಂದು ಕಲ್ಲಿಗೆ ಅಪ್ಪಳಿಸಿದೆ. ಎಲ್ಲರ ಕಣ್ಣು ಚೆಂಡಿನ ಮೇಲಿತ್ತು. ನನ್ನ ಕಣ್ಣು ದೇವಿಯ ಧ್ಯಾನದಲ್ಲಿ ಮುಚ್ಚಿತ್ತು. ಆ ಸಿಮೆಂಟಿನ ಕೋರ್ಟು ಕಲ್ಲಿನ ಕಡೆಯಿಂದ ಒಳಕ್ಕೆ ಇಳಿಜಾರು, ಕಾಯಿಯ ನೀರು ಅತ್ತಲೇ ಹರಿಯುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಕಣ್ಣು ತೆರೆದಾಗ ನಮ್ಮ ನಾಯಕ ಅಂಗಾತ ಬಿದ್ದಿದ್ದ. ಚೆಂಡು ಅಂಕೋಲೆಯ ಒಬ್ಬ ತೆಳ್ಳನೆಯ ಹುಡುಗನ ಕೈಸೇರಿ, ಅಲ್ಲಿಂದ ಬುಟ್ಟಿ ಸೇರಿ, ಸೀಟಿಯೂ ಊದಿಯಾಗಿತ್ತು.

ಆ ಸಂಜೆಯೇ ನಾನು ಸಂಘಟಕರಿಗೆ ಅರ್ಜಿ ಬರೆದೆ. “ಅಂಗಣವನ್ನು ಯಾರೋ ದುರುದ್ದೇಶದಿಂದ ತೇವಗೊಳಿಸಿದ್ದು, ಫಲಿತಾಂಶವನ್ನು ತಡೆಹಿಡಿಯಬೇಕು” ಎಂದು. ಯಾರೋ ಎಂಬ ಪದವನ್ನು ಮಾತ್ರ ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆನೆಂಬುದನ್ನು ಈಗ ದಾಖಲಿಸುತ್ತೇನೆ. ಸಂಘಟಕರು ಅರ್ಜಿಯನ್ನು ಓದಿದರೋ ಇಲ್ಲವೋ, ಅಕ್ಷರವನ್ನಂತೂ ನೋಡಿದರು. “ಎಷ್ಟು ಚೆಂದ ಬರೀತೀರಿ ಮಾರಾಯ್ರೆ! ವಿಚಾರಣಾ ಸಮಿತಿಗೆ ನೀವೇ ಕಾರ್ಯದರ್ಶಿ” ಎಂದು ಆದೇಶಿಸಿ, ವರದಿ ಬರುವವರೆಗೆ ಕಪ್ಪನ್ನೂ ನನ್ನ ಸುಪರ್ದಿಗೆ ಕೊಟ್ಟರು. ಸಮಿತಿಯ ಅಧ್ಯಕ್ಷರಾದ ಉಪನ್ಯಾಸಕರು ಸಾಕ್ಷ್ಯವಾಗಿದ್ದ ಕಾಯಿಯ ಎರಡು ಹೋಳುಗಳನ್ನು ಪ್ರಸಾದವೆಂದು ಅಲ್ಲಿಯೇ ತಿಂದಿದ್ದರು. ಮುಂದೆ ಅವರಿಗೆ ವರ್ಗವಾಯಿತು. ಸಮಿತಿಯಲ್ಲಿ ಉಳಿದವನು ನಾನೊಬ್ಬನೇ.

ಕೆಲವು ತಿಂಗಳ ನಂತರ ಹೆಣ್ಣು ನೋಡಲು ಅಂಕೋಲೆಯ ಹತ್ತಿರದ ಭಾವಿಕೇರಿಗೆ ಹೋದೆ. ಬಾಳೆಹಣ್ಣಿನ ತಟ್ಟೆ ಹಿಡಿದು ಒಳಗಿನಿಂದ ಬಂದವನು ಅದೇ ತೆಳ್ಳನೆಯ ಹುಡುಗ. ಶಾರದಾಳ ತಮ್ಮ ಬೀರಣ್ಣ. ಅವನು ನನ್ನನ್ನು ಬಹಳ ಹೊತ್ತು ನೋಡಿದ. ತಟ್ಟೆಯನ್ನು ನನ್ನ ಮುಂದಿಟ್ಟ. ಮದುವೆ ನಡೆಯಿತು.

ಅಂದಿನಿಂದ ನನ್ನ ಪಾಡನ್ನು ಏನೆಂದು ಬಣ್ಣಿಸಲಿ! ಬೀರಣ್ಣ ಬರುವಾಗಲೆಲ್ಲ ತೋಟದ ಕಾಯಿಗಳನ್ನು ತರುತ್ತಾನೆ. ಐದೇ ತರುತ್ತಾನೆ. ಊಟಕ್ಕೆ ಕುಳಿತು, ಕಪಾಟಿನ ಕಡೆ ನೋಡಿ, “ಭಾವ, ವರದಿ ಎಲ್ಲಿಗೆ ಬಂತ್ರಿ?” ಎಂದು ನಗುತ್ತಾನೆ. ನಾನು, “ಪರಿಶೀಲನೆಯಲ್ಲಿದೆ” ಎನ್ನುತ್ತೇನೆ. ಶಾರದಾ ಬಂಗಡೆಯ ಸಾರಿನ ಸೌಟನ್ನು ನನ್ನ ತಟ್ಟೆಯ ಮೇಲಿನಿಂದ ಹಾಯಿಸಿ ಅವನಿಗೆ ಬಡಿಸುತ್ತಾಳೆ.

ಕಳೆದ ತಿಂಗಳು ಮಾತ್ರ ಅವನು ನಗಲಿಲ್ಲ. “ಭಾವ, ಬರೂ ಆಯ್ತವಾರ ನಮ್ಮ ಆಗಿನ ಟೀಮಿನವರೆಲ್ಲ ಮನೆಗೆ ಬರ್ತ್ರು. ಆ ಕಪ್ಪಿನ ಜೊತೆ ನಮ್ದೊಂದು ಫೋಟೋನೂ ಇಲ್ಲ. ಒಂದು ದಿನಕ್ಕಾದ್ರೂ ಕೊಡೂಕಾಗ್ತದಾ?” ಎಂದ. ವಿಚಾರಣೆ ಮುಗಿಯದೆ ಸುಪರ್ದಿಯ ವಸ್ತುವನ್ನು ಬಿಡುಗಡೆ ಮಾಡುವಂತಿಲ್ಲ ಎಂದು ಬಾಯಿತೆರೆದೆ. ಶಾರದಾ ಕಪ್ಪನ್ನು ಕೆಳಗಿಳಿಸಿ, ಪಿನ್ನು ಕೀಲಿಗಳನ್ನೆಲ್ಲ ನನ್ನ ಮಡಿಲಿಗೆ ಸುರಿದು, “ಹಂಗಾರೆ ಮುಗಿಸಿ. ಈಗ್ಲೇ” ಎಂದಳು.

ಮುಗಿಸಿದೆ. ಒಳ್ಳೆಯ ಕಾಗದದಲ್ಲಿ, ಅಂಚು ಬಿಟ್ಟು, ದುಂಡಗಿನ ಅಕ್ಷರಗಳಲ್ಲಿ: “ತೇವಕ್ಕೆ ಕಾರಣ: ತೆಂಗಿನಕಾಯಿ, ಐದು. ಒಡೆದವರು: ಈ ಕೆಳಗೆ ಸಹಿ ಮಾಡಿರುವ ಕಾರ್ಯದರ್ಶಿ. ಅಂಕೋಲೆಯ ತಂಡ ನಿರ್ದೋಷಿ.” ಸಹಿ ಹಾಕಿ ಬೀರಣ್ಣನ ಕೈಗೆ ಕೊಟ್ಟೆ.

ಅವನು ಓದಿ ಮಡಚಿದ. “ಗೊತ್ತಿತ್ರೀ ಭಾವ. ಆವತ್ತು ಸೋತ ದುಃಖದಲ್ಲಿ ತಲೆ ಬಗ್ಗಿಸ್ಕಂಡು ಎಲ್ಲರಿಗೂ ಕಾಯಿಚೂರು ಹಂಚಿದ್ರಲ್ಲ? ನಂಗೂ ಒಂದು ಕೊಟ್ಟಿದ್ರಿ.”

“ಮತ್ತೆ ಇಷ್ಟು ವರ್ಷ ಎಂತಕ್ಕೆ ಸುಮ್ಮನಿದ್ದೆಯೋ?”

“ಮೊದ್ಲು ಅಕ್ಕನ ಮದುವೆ ಆಗ್ಲಿ ಅಂತ. ಆಮೇಲೆ, ನೀವೇ ಯಾವಾಗ ಬರೀತ್ರಿ ನೋಡ್ವ ಅಂತ.” ಕಾಗದವನ್ನು ಮತ್ತೆ ಬಿಡಿಸಿ ಬೆಳಕಿಗೆ ಹಿಡಿದ. “ಕಪ್ಪಿನ ಜೊತೆ ಇದೂ ನಂಗೆ ಬೇಕು. ಕಟ್ಟು ಹಾಕಿಸ್ತೆ.”

ಹಾಕಿಸಿಯೇಬಿಟ್ಟ. ಈಗ ಭಾವಿಕೇರಿಯ ಆ ಮನೆಯ ಚಾವಡಿಯಲ್ಲಿ ತಂಡದ ಫೋಟೋ, ಅದರ ಪಕ್ಕದಲ್ಲೇ ಗಾಜಿನೊಳಗೆ ನನ್ನ ವರದಿ. ಬಂದವರೆಲ್ಲ ಮೊದಲ ಸಾಲಿನಿಂದ ಸಹಿಯವರೆಗೆ ಓದಿ, ತಿರುಗಿ ನನ್ನನ್ನೇ ನೋಡಿ, ಅಕ್ಷರ ಬಹಳ ಚೆನ್ನಾಗಿದೆ ಎಂದು ಪ್ರಶಂಸಿಸುತ್ತಾರೆ. ಇದು ತಮ್ಮ ಅವಗಾಹನೆಗಾಗಿ.