ಹೌದಪ್ಪ ‘ಇಲ್ಲ’ ಎಂದ ದಿನ

“ನೀವು ಯಾವತ್ತಾದ್ರೂ ಸರ್ಕಾರ ಉರುಳಿಸೋಕೆ ಪ್ರಯತ್ನ ಮಾಡಿದ್ದೀರಾ?”

“ಹೌದು ಸಾರ್.”

ಆದದ್ದು ಇಷ್ಟೇ. ಆದರೆ ಅಷ್ಟಕ್ಕೇ ಆ ಪುಟ್ಟ ಕಟಿಂಗ್ ಶಾಪಿನಲ್ಲಿ ಕತ್ತರಿಯ ಸದ್ದು ನಿಂತುಹೋಯಿತು. ಕುರ್ಚಿಯಲ್ಲಿ ಕೂತಿದ್ದ ಡ್ರೈವಿಂಗ್ ಮೇಷ್ಟ್ರು ಕುತ್ತಿಗೆಗೆ ಸುತ್ತಿದ್ದ ಬಿಳಿ ಬಟ್ಟೆಯ ಸಮೇತ ತಿರುಗಿ ಕೂತರು. ಕನ್ನಡಿಯ ಮುಂದೆ ಪೌಡರ್ ಡಬ್ಬಿಗೆ ಒರಗಿಸಿಟ್ಟಿದ್ದ ಪೌರತ್ವದ ಅರ್ಜಿಯ ಪ್ರತಿಯನ್ನು ಅವರು ಹೊತ್ತುಹೋಗದೆ ತಮಾಷೆಗೆ ಓದಿದ್ದರು, ಅಷ್ಟೇ.

“ಏನಂದೆ?”

“ಏನಂದೆ?” ಎಂದು ಕ್ಷೌರಿಕನೂ ತನ್ನನ್ನೇ ಕೇಳಿಕೊಂಡ. ಆ ಅರ್ಜಿ ಅವನದು. ಇಂಟರ್‌ವ್ಯೂ ಅವತ್ತೇ ಮಧ್ಯಾಹ್ನ ಮೂರಕ್ಕೆ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಬೀದಿಯಲ್ಲಿ ಯಾರಿಗೂ ಅದು ನೆನಪಿರಲಿಲ್ಲ. ಎಲ್ಲರಿಗೂ ಅವನು ಹೌದಪ್ಪ. ಇದರಲ್ಲಿ ಅವನ ತಪ್ಪೇನೂ ಇಲ್ಲ, ಕಸುಬು ಅಂಥದ್ದು. ಕತ್ತರಿಯ ಕೆಳಗೆ ಕೂತವರ ಜೊತೆ ವಾದಕ್ಕಿಳಿದರೆ ಅವರು ತಲೆ ಕೊಡವುತ್ತಾರೆ. ತಲೆ ಕೊಡವಿದರೆ ಕಿವಿಗೆ ಸಂಚಕಾರ. ಹಾಗಾಗಿ ಗಿರಾಕಿ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಅಂದರೂ ಹೌದು ಸಾರ್, ಪಕ್ಕದ ಗಿರಾಕಿ ಅಲ್ಲ, ಉತ್ತರದಲ್ಲಿ ಅಂದರೂ ಹೌದು ಸಾರ್. ಹೀಗೆ ಹೌದು ಹೌದು ಅನ್ನುತ್ತಲೇ ಅವನ ಅರ್ಧ ಆಯಸ್ಸು ಕಳೆದಿತ್ತು, ಬೀದಿಯವರ ಕಿವಿಗಳೆಲ್ಲ ಸುರಕ್ಷಿತವಾಗಿದ್ದವು.

ಮೇಷ್ಟ್ರು ಅರ್ಜಿಯ ಮೇಲೆ ಬೆರಳಾಡಿಸುತ್ತಾ ಹೋದರು. “ಯಾವತ್ತಾದ್ರೂ ಜೈಲಿಗೆ ಹೋಗಿದ್ದೀರಾ? ಸುಳ್ಳು ದಾಖಲೆ ಕೊಟ್ಟಿದ್ದೀರಾ? ಯಾರಿಗಾದ್ರೂ ಹಿಂಸೆ ಕೊಟ್ಟಿದ್ದೀರಾ? ಅಯ್ಯೋ ಮಾರಾಯ, ಪುಟಗಟ್ಟಲೆ ಇದೇ ಇದೆಯಲ್ಲೋ! ಎಲ್ಲಕ್ಕೂ ಇಲ್ಲ ಅನ್ಬೇಕು. ನೀನು ಹೌದು ಸಾರ್ ಅಂತಾ ಹೋದ್ರೆ ಪೌರತ್ವ ಹಾಗಿರ್ಲಿ, ಹೊರಗೆ ಬರೋವಾಗ ಕೈಗೆ ಬೇಡಿ ಬಿದ್ದಿರುತ್ತೆ.”

ಹೌದಪ್ಪನ ಹೆಂಡತಿ ಎರಡು ವರ್ಷದ ಹಿಂದೆಯೇ ಧೈರ್ಯವಾಗಿ ಹೋಗಿ ಪೌರತ್ವ ತೆಗೆದುಕೊಂಡು ಬಂದಿದ್ದಳು. ಮಗಳು ಹುಟ್ಟಿದ್ದೇ ಇಲ್ಲಿ. ಇಡೀ ಮನೆಯಲ್ಲಿ ಪರದೇಶಿ ಅಂದರೆ ಅವನೊಬ್ಬನೇ. ಭಯದಿಂದ ಮುಂದೂಡಿ ಮುಂದೂಡಿ ಇಲ್ಲಿ ವಾಸವಿರಲು ಅವನಿಗಿದ್ದ ಪರವಾನಗಿಯ ಅವಧಿ ಈ ವರ್ಷಕ್ಕೆ ಮುಗಿಯುತ್ತ ಬಂದಿತ್ತು. ಇಂಟರ್‌ವ್ಯೂನಲ್ಲಿ ಬಿದ್ದರೆ ಹೆಂಡತಿ ಮಗಳನ್ನು ಇಲ್ಲಿ ಬಿಟ್ಟು ಅವನೊಬ್ಬನೇ ಪೆಟ್ಟಿಗೆ ಕಟ್ಟಬೇಕು.

ಗದ್ದಲ ಕೇಳಿ ಪಕ್ಕದಂಗಡಿಯ ಟೈಲರಮ್ಮ ಬಂದಳು. ಕುತ್ತಿಗೆಗೆ ಅಳತೆ ಟೇಪು, ತುಟಿಯಂಚಿನಲ್ಲಿ ಗುಂಡುಸೂಜಿ. ವಿಷಯ ತಿಳಿದವಳೇ ಸೂಜಿ ಕೈಗೆ ತೆಗೆದುಕೊಂಡಳು.

“ಇಲ್ಲ ಅನ್ನಣ್ಣ, ನೋಡೋಣ.”

“ಹೌದು ಟೈಲರಮ್ಮ, ಅಂತೀನಿ.”

ಸೂಜಿ ಅವನ ತೋಳಿಗೆ ಸೋಕಿತು. “ಅಮ್ಮಾ!”

“ಅಮ್ಮ ಅಲ್ಲ. ಇಲ್ಲ.”

ಮೇಷ್ಟ್ರಿಗೆ ಈ ಹಿಂಸೆಯ ಮಾರ್ಗ ಹಿಡಿಸಲಿಲ್ಲ. ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ನಿಂತು ಹೌದಪ್ಪನನ್ನು ಕುರ್ಚಿಯಲ್ಲಿ ಕೂರಿಸಿದರು. “ಸೂಜಿ ಬೇಡಮ್ಮ, ವಿದ್ಯೆ ಬೇಕು. ನೋಡೋ, ಪ್ರಶ್ನೆ ಬಂತು ಅಂದ್ರೆ ರಸ್ತೆಗೆ ನಾಯಿ ಅಡ್ಡ ಬಂತು ಅಂತ ತಿಳ್ಕೋ. ಮೊದಲು ಬಲಗಾಲಲ್ಲಿ ಬ್ರೇಕ್ ಒತ್ತು. ಗಾಡಿ ನಿಂತ ಮೇಲೆ ಬಾಯಿ ಬಿಡು. ಬ್ರೇಕು, ಇಲ್ಲ. ಬ್ರೇಕು, ಇಲ್ಲ. ಎಲ್ಲಿ? ಹೊಸ ಹೆಸರಿಟ್ಟುಕೊಂಡು ಯಾರಿಗಾದ್ರೂ ಮೋಸ ಮಾಡಿದ್ದೀಯಾ?”

ಹೌದಪ್ಪ ಬಲಗಾಲು ನೆಲಕ್ಕೆ ಕುಟ್ಟಿದ. “ಹೌ... ಇಲ್ಲ!”

“ಭೇಷ್! ಹೌ ಒಂದು ಕಿತ್ತಾಕು.”

ಮಧ್ಯಾಹ್ನದ ಹೊತ್ತಿಗೆ ‘ಹೌ’ ಹೋಯಿತು. ಗಿರಾಕಿಯೊಬ್ಬ ಬಾಗಿಲಲ್ಲಿ ಇಣುಕಿ, “ಅಂಗಡಿ ತೆರೆದಿದೆಯಾ?” ಅಂದ. ಕಾಲು ಕುಟ್ಟಿತು. “ಇಲ್ಲ!” ಗಿರಾಕಿ ತೆರೆದ ಬಾಗಿಲು, ಉರಿಯುವ ದೀಪ, ಮೂವರು ಮನುಷ್ಯರನ್ನು ಒಮ್ಮೆ ನೋಡಿ ನಡೆದುಬಿಟ್ಟ. ಮೇಷ್ಟ್ರು ಚಪ್ಪಾಳೆ ತಟ್ಟಿದರು.

ಹೆಂಡತಿಯ ಫೋನು ಬಂತು. “ರೀ, ಊಟ ಮಾಡಿದ್ರಾ?”

“ಇಲ್ಲ!”

“ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡ್ರಾ?”

“ಇಲ್ಲ!”

“ನಾನೂ ಬರ್ಲಾ ಜೊತೆಗೆ?”

“ಬೇಡ!”

ಮದುವೆಯಾದಂದಿನಿಂದ ಅವಳು ಈ ಮನುಷ್ಯನ ಬಾಯಲ್ಲಿ ಬೇಡ ಎಂಬ ಪದವನ್ನೇ ಕೇಳಿರಲಿಲ್ಲ. ಗಂಡನಿಗೆ ಏನೋ ಆಗಿಹೋಗಿದೆ ಎಂದು ಗಾಬರಿಯಾಗಿ ಸ್ವಲ್ಪ ಹೊತ್ತಿನಲ್ಲೇ ಶರ್ಟು ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದಳು. ಅವಳೇ ಗುಂಡಿ ಹಾಕಿದಳು.

ಮೇಷ್ಟ್ರು ಗಂಡ ಹೆಂಡತಿ ಇಬ್ಬರನ್ನೂ ತಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಕರೆದೊಯ್ದರು. ಕಚೇರಿಯ ಬಾಗಿಲಲ್ಲಿ ಕಾವಲುಗಾರ ಕೇಳಿದ: “ನಿಮ್ಮ ಹತ್ರ ಚೂಪಾದ ವಸ್ತು ಏನಾದ್ರೂ ಇದೆಯಾ?”

ಕಾಲು ಕುಟ್ಟಿತು. “ಇಲ್ಲ!”

ಕೀಂಯ್ ಎಂದು ಯಂತ್ರ ಕೂಗಿಕೊಂಡಿತು. ಪ್ಯಾಂಟಿನ ಜೇಬಿನಿಂದ ಕತ್ತರಿ ಹೊರಬಂತು. ಬಾಚಣಿಗೆ ಬಂತು. ಇನ್ನೊಂದು ಜೇಬಿನಿಂದ ಇನ್ನೊಂದು ಕತ್ತರಿ. ಹೌದಪ್ಪ ಹೆಂಡತಿಯತ್ತ ನೋಡಿದ. ಸರ್ಕಾರದ ಅಂಗಳದಲ್ಲಿ ತಾನು ಆಡಿದ ಮೊದಲ ಮಾತೇ ಸುಳ್ಳು!

“ನಿಮ್ಮವರೇನಮ್ಮ ಇವರು?” ಕಾವಲುಗಾರ ಹೆಂಡತಿಯತ್ತ ತಿರುಗಿದ.

“ಕಟಿಂಗ್ ಮಾಡೋರು ಸಾರ್. ಕತ್ತರಿ ಇಲ್ದಿದ್ರೆ ಮೈಮೇಲೆ ಬಟ್ಟೆ ಇಲ್ಲ ಅನ್ನೋ ಹಾಗಾಡ್ತಾರೆ. ಮಲಗೋವಾಗ್ಲೂ ನಾನೇ ತೆಗೆದಿಡಬೇಕು.”

ಕಾವಲುಗಾರ ನಗು ತಡೆದುಕೊಂಡು ಕತ್ತರಿಗಳನ್ನು ಟ್ರೇಯಲ್ಲಿಟ್ಟು ಒಳಗೆ ಬಿಟ್ಟ. ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಪ್ರತಿ ಸಲ ಒಂದು ಬಾಗಿಲು ತೆರೆದಾಗಲೂ ಹೌದಪ್ಪನ ಪ್ರಾಣ ಬಾಯಿಗೆ ಬರುತ್ತಿತ್ತು, ಬೇರೆಯವರ ಹೆಸರು ಕೂಗಿದಾಗ ಮತ್ತೆ ಹೊಟ್ಟೆಗೆ ಇಳಿಯುತ್ತಿತ್ತು. ಕೊನೆಗೆ ಅವನ ಹೆಸರನ್ನೇ ಕೂಗಿದರು. ತನ್ನ ನಿಜವಾದ ಹೆಸರು ಕೇಳಿ ಅಭ್ಯಾಸವಿಲ್ಲದ ಅವನು ಸುಮ್ಮನೆ ಕೂತೇ ಇದ್ದ. ಹೆಂಡತಿ ಪಕ್ಕೆಗೆ ತಿವಿದಳು.

ಒಳಗೆ ಅಧಿಕಾರಿ. ದಪ್ಪ ಕನ್ನಡಕ, ನಗು ಮರೆತ ಮುಖ. ಕ್ಷೌರಿಕನ ಕಣ್ಣು ನೇರ ತಲೆಗೇ ಹೋಯಿತು. ಎಡಗಿವಿಯ ಮೇಲಿನ ನಾಲ್ಕು ಎಳೆಯನ್ನು ಉದ್ದ ಬೆಳೆಸಿ, ಬೋಳು ನೆತ್ತಿ ದಾಟಿಸಿ, ಬಲಗಿವಿಯ ಹತ್ತಿರ ಅಂಟಿಸಿದ್ದರು, ಬಟ್ಟೆ ಒಣಗಿಸಲು ತಂತಿ ಕಟ್ಟಿದ ಹಾಗೆ. ಫ್ಯಾನು ತಿರುಗಿದಾಗ ತಂತಿ ಏಳುತ್ತಿತ್ತು, ಅಧಿಕಾರಿಯ ಕೈ ಹೋಗಿ ಮಲಗಿಸುತ್ತಿತ್ತು.

“ಸತ್ಯವನ್ನೇ ಹೇಳ್ಬೇಕು. ಯಾವತ್ತಾದ್ರೂ ಬಂಧನ ಆಗಿದೆಯಾ?”

ಧಪ್! “ಇಲ್ಲ!”

“ಸುಳ್ಳು ದಾಖಲೆ?”

ಧಪ್! “ಇಲ್ಲ!”

ಅಧಿಕಾರಿ ಮೇಜಿನಡಿ ಒಮ್ಮೆ ಬಗ್ಗಿ ನೋಡಿ ಮುಂದುವರಿದರು. ಪ್ರಶ್ನೆಗಳು ಓಡಿದವು, ಇಲ್ಲಗಳು ಓಡಿದವು. ಹೌದಪ್ಪನಿಗೆ ಸ್ವಲ್ಪ ಉಸಿರು ಬಂತು. ಗಾಡಿ ಸರಿಯಾಗಿ ಸಾಗುತ್ತಿದೆ!

“ಈ ದೇಶದ ಸಂವಿಧಾನವನ್ನ ಗೌರವಿಸ್ತೀರಾ?”

ಧಪ್! “ಇಲ್ಲ!”

ಪೆನ್ನು ನಿಂತಿತು. “ಕಾನೂನಿಗೆ ತಲೆಬಾಗ್ತೀರಾ?”

“ಇಲ್ಲ!”

“ಪ್ರಮಾಣವಚನ ತಗೋತೀರಾ?”

“ಇಲ್ಲ!” ಎಂದವನಿಗೆ ತಾನು ಏನೆಂದೆ ಎಂಬುದು ಆಗ ಕೇಳಿಸಿತು. ಕಣ್ಣ ಮುಂದೆ ಪೆಟ್ಟಿಗೆ, ನಿಲ್ದಾಣ, ಬಾಗಿಲಲ್ಲಿ ನಿಂತ ಮಗಳು ಎಲ್ಲ ಒಟ್ಟಿಗೆ ಬಂದವು.

“ಹೆದರಿದ್ದೀರಾ?” ಎಂದರು ಅಧಿಕಾರಿ.

“ಇಲ್ಲ,” ಎಂದ, ಅಳುತ್ತಾ.

ಅಧಿಕಾರಿ ನೀರಿನ ಲೋಟ ಮುಂದೆ ತಳ್ಳಿದರು. “ಕುಡೀರಿ. ಇಲ್ಲೀತನಕದ ಪ್ರಶ್ನೆಗೆಲ್ಲ ಇಲ್ಲ, ಇಲ್ಲಿಂದಾಚೆಯವಕ್ಕೆ ಹೌದು. ಈ ತಿರುವಲ್ಲಿ ದಿನಾ ಯಾರಾದ್ರೂ ಒಬ್ರು ಚರಂಡಿಗೆ ಬೀಳ್ತಾರೆ. ಈಗ ಯೋಚನೆ ಮಾಡಿ ಹೇಳಿ. ಸಂವಿಧಾನ ಗೌರವಿಸ್ತೀರಾ?”

“ಹೌದು ಸಾರ್! ಹೌದು ಸಾರ್! ಹೌದು ಸಾರ್!” ಬೆಳಗ್ಗಿನಿಂದ ಒಳಗೆ ಕಟ್ಟಿಹಾಕಿದ್ದ ಹೌದುಗಳೆಲ್ಲ ಒಟ್ಟಿಗೆ ನುಗ್ಗಿದವು.

“ಸಾಕು ಸಾಕು. ಎಲ್ಲ ಸರಿಯಿದೆ. ನಾಳೆ ಬೆಳಗ್ಗೆ ಸಹಿ ಹಾಕ್ತೀನಿ.” ಅಧಿಕಾರಿ ಕಡತ ಮುಚ್ಚಿದರು. ಆಮೇಲೆ ಕನ್ನಡಕ ತೆಗೆದು, ಬಾಗಿಲತ್ತ ನೋಡಿ, ದನಿ ಇಳಿಸಿದರು. “ಇದು ಅರ್ಜಿಯಲ್ಲಿರೋ ಪ್ರಶ್ನೆ ಅಲ್ಲ. ನೀವು ಕಸುಬಿನವರು. ನಾಳೆ ಆಫೀಸಲ್ಲಿ ನಮ್ಮ ಫೋಟೊ ತೆಗೀತಾರೆ. ಈ ಕೂದಲು... ನನಗೆ ಒಪ್ಪುತ್ತಾ?”

ಹೌದು ಸಾರ್ ಎಂದೇ ಅವನು ಬಾಯಿ ತೆರೆದದ್ದು. ಆದರೆ ಹೆದರಿದ ಕಾಲು ಬಾಯಿಗಿಂತ ಮುಂದಿತ್ತು.

ಧಪ್! “ಇಲ್ಲ!”

ಅಧಿಕಾರಿಯ ಮುಖ ಸುಟ್ಟ ಬಲ್ಬಿನ ಹಾಗಾಯಿತು. “ನೀವಿನ್ನು ಹೊರಡಬಹುದು,” ಎಂದರು.

ಅಂಗಡಿಗೆ ಮರಳುವಷ್ಟರಲ್ಲಿ ಅವನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿ ಮುಗಿಸಿದ್ದ. “ಸಹಿ ಹಾಕೋ ಕೈಗೇ ಅವಮಾನ ಮಾಡಿ ಬಂದೆನಲ್ಲ!” ಎಂದು ತಲೆ ಹಿಡಿದುಕೊಂಡು ಕೂತ. ಮೇಷ್ಟ್ರು ಟೈಲರಮ್ಮನ ಸೂಜಿಯನ್ನು ಬೈದರು. ಟೈಲರಮ್ಮ ಮೇಷ್ಟ್ರ ಬ್ರೇಕನ್ನು ಬೈದಳು. “ನಿಮ್ಮ ಸ್ಕೂಲಲ್ಲಿ ಕಲಿತೋರೆಲ್ಲ ಹೀಗೇ ಗೋಡೆಗೆ ಗುದ್ದೋದು!” ಹೆಂಡತಿ ಇಬ್ಬರನ್ನೂ ಬೈದಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಟೋಪಿ ಹಾಕಿಕೊಂಡ ಒಬ್ಬರು ಒಳಗೆ ಬಂದು ಟೋಪಿ ತೆಗೆದರು. ತಂತಿ ಎದ್ದು ನಿಂತಿತು. ಹೌದಪ್ಪ ಗೋಡೆಗೆ ಆತುಕೊಂಡ. ಅಂಗಡಿಗೇ ಬಂದು ಹಿಡಿದುಕೊಂಡು ಹೋಗುವ ಪದ್ಧತಿಯೂ ಉಂಟೆಂದು ಅವನಿಗೆ ಗೊತ್ತಿರಲಿಲ್ಲ.

ಅಧಿಕಾರಿ ಮಾತ್ರ ಸೀದಾ ಹೋಗಿ ಕುರ್ಚಿಯಲ್ಲಿ ಕೂತರು. “ಹೆಂಡತಿ ಚೆನ್ನಾಗಿದೆ ಅಂತಾಳೆ, ಆಫೀಸಲ್ಲಿ ಎಲ್ಲಾರೂ ಚೆನ್ನಾಗಿದೆ ಅಂತಾರೆ. ಇಷ್ಟು ವರ್ಷದಲ್ಲಿ ನಿಜ ಹೇಳಿದ್ದು ನೀವೊಬ್ರೇ. ವಿಳಾಸ ಅರ್ಜಿಯಲ್ಲೇ ಇತ್ತು. ತೆಗೆದುಹಾಕಿ ಇದನ್ನ.”

ಆ ಕಟಿಂಗು ನೋಡುವಂತಿತ್ತು. ಬಟ್ಟೆ ಸುತ್ತುವಾಗ ಹೌದಪ್ಪನ ಕೈ ಗಡಗಡ ನಡುಗುತ್ತಿತ್ತು. ಕತ್ತರಿ ಕೈಗೆ ಬಂದದ್ದೇ ತಡ, ನಡುಕ ನಿಂತಿತು. ತಂತಿ ಹೋಯಿತು, ಕಿವಿಯ ಮೇಲಿನ ಪೊದೆ ಹೋಯಿತು, ಉಳಿದದ್ದು ಒಪ್ಪವಾಗಿ ಕೂತಿತು. ಕನ್ನಡಿಯಲ್ಲಿ ಬೇರೊಬ್ಬ ಮನುಷ್ಯ ಕಾಣಿಸಿಕೊಂಡ. ಅವನಿಗೆ ನಗಲೂ ಬರುತ್ತಿತ್ತು.

“ಅದ್ಭುತ!” ಅಧಿಕಾರಿ ಎದ್ದು ಜೇಬಿಗೆ ಕೈ ಹಾಕಿದರು. “ಎಷ್ಟಾಯ್ತು?”

ಹೌದಪ್ಪನ ಹೃದಯ ತುಂಬಿ ಬಂತು. “ಬೇಡ ಸಾರ್.”

ಅಧಿಕಾರಿಯ ನಗು ಅಲ್ಲೇ ನಿಂತಿತು. “ಹಾಗನ್ಬೇಡಿ. ತಗೊಳ್ಳಿ.”

“ಬೇಡ ಸಾರ್!” ದನಿ ಗಟ್ಟಿಯಾಯಿತು. ಅವನಿಗೇ ಆಶ್ಚರ್ಯ, ಎಷ್ಟು ಸಲೀಸಾಗಿ ಬರುತ್ತಿದೆ ಈ ಮಾತು! ಮೇಷ್ಟ್ರು ಹಿಂದಿನಿಂದ ಹೆಮ್ಮೆಯಲ್ಲಿ ತಲೆಯಾಡಿಸಿದರು.

“ದಯವಿಟ್ಟು, ಇನ್ನೊಂದು ಸಲ ಯೋಚನೆ ಮಾಡಿ.”

“ಬೇಡ ಅಂದ್ರೆ ಬೇಡ! ನಿಮ್ಮ ದುಡ್ಡು ನಾನು ಮುಟ್ಟಲ್ಲ!”

ಅಧಿಕಾರಿ ಮತ್ತೆ ಕುರ್ಚಿಯಲ್ಲಿ ಕುಸಿದರು. “ನೀವು ದುಡ್ಡು ತಗೊಂಡಿದ್ರೆ ನಾನೊಬ್ಬ ಗಿರಾಕಿ. ತಗೊಳ್ಳದಿದ್ರೆ ಇದು ಲಂಚ. ನಿಮ್ಮ ಕಡತ ಇನ್ನೂ ನನ್ನ ಮೇಜಿನ ಮೇಲಿದೆ, ಸಹಿ ಆಗಿಲ್ಲ.”

“ಕೊಡಿ ಸಾರ್! ತಗೊಳ್ತಾರೆ! ರೀ, ತಗೊಳ್ರಿ!” ಹೆಂಡತಿ ಗಂಡನ ಕೈಯನ್ನು ತಾನೇ ಹಿಡಿದು ಚಾಚಿದಳು. ಅಧಿಕಾರಿ ಆ ಕೈಯಲ್ಲಿ ನೋಟು ಇಟ್ಟರು, ಮಡಿಚಿದರು. ಆದರೂ ತಲೆ ಅಲ್ಲಾಡಿಸಿದರು.

“ಇಷ್ಟು ಜನರ ಮುಂದೆ ಬೇಡ ಅಂದಾಗಿದೆ. ನಾನು ಮೇಲಿನವರಿಗೆ ಬರೆದು ತಿಳಿಸಲೇಬೇಕು, ಇಲ್ದಿದ್ರೆ ನನ್ನ ಕೆಲಸ ಹೋಗುತ್ತೆ. ಕಡತ ಪಕ್ಕದ ಕೋಣೆ ಮೇಡಮ್ ಹತ್ರ ಹೋಗುತ್ತೆ. ಇಂಟರ್‌ವ್ಯೂ ಮೊದಲಿಂದ.”

“ಪರವಾಗಿಲ್ಲ ಬಿಡಿ,” ಎಂದರು ಮೇಷ್ಟ್ರು, ಗಂಟಲು ಸರಿಮಾಡಿಕೊಂಡು. “ಇವನಿಗೆ ಈಗ ಇಲ್ಲ ಅನ್ನೋದು ಚೆನ್ನಾಗಿ ಬಂದಿದೆ.”

ಅಧಿಕಾರಿ ಟೋಪಿ ಕೈಗೆತ್ತಿಕೊಂಡು ಬಾಗಿಲವರೆಗೆ ಹೋದವರು ನಿಂತರು. ಹೇಳಲೋ ಬೇಡವೋ ಎಂದು ಅವರಿಗೇ ಸಂಕಟ.

“ಮೇಡಮ್ ಒಂದು ಪ್ರಶ್ನೆಯನ್ನ ಎಲ್ಲರಿಗೂ ತಪ್ಪದೆ ಕೇಳ್ತಾರೆ. ‘ನೀವು ಯಾವತ್ತಾದ್ರೂ ಸರ್ಕಾರಿ ಅಧಿಕಾರಿಗೆ ಪುಕ್ಕಟೆ ಏನಾದ್ರೂ ಕೊಡೋಕೆ ಹೋಗಿದ್ದೀರಾ?’ ನನ್ನ ವರದಿ ಓದಿಕೊಂಡೇ ಕೇಳ್ತಾರೆ. ಸುಳ್ಳು ಹೇಳಿದ್ರೆ ಅಲ್ಲಿಗೆ ಮುಗೀತು. ನಿಜಾನೇ ಹೇಳ್ಬೇಕು.” ಅವರು ಕರುಣೆಯಿಂದ ಅವನ ಮುಖ ನೋಡಿದರು. “ಏನು ಹೇಳ್ತೀರಾ?”

ಕ್ಷೌರಿಕ ಮೇಷ್ಟ್ರ ಮುಖ ನೋಡಿದ. ಟೈಲರಮ್ಮನ ಮುಖ ನೋಡಿದ. ಹೆಂಡತಿಯ ಮುಖ ನೋಡಲು ಧೈರ್ಯ ಬರಲಿಲ್ಲ. ಕೈಯಲ್ಲಿ ನೋಟು ಒದ್ದೆಯಾಗುತ್ತಿತ್ತು. ಬಲಗಾಲು ನೆಲದಿಂದ ಸ್ವಲ್ಪ ಎದ್ದಿತು, ಗಾಳಿಯಲ್ಲಿ ಒಂದು ಕ್ಷಣ ತೂಗಿತು, ಸದ್ದಿಲ್ಲದೆ ಕೆಳಗಿಳಿಯಿತು.

“ಹೌದು ಸಾರ್,” ಎಂದ ಹೌದಪ್ಪ.