ಕಾಣೆಯಾದ ಬಸುವಿನ ಇತ್ತೀಚಿನ ಭಾವಚಿತ್ರ

ಕಾಣೆಯಾದ ವ್ಯಕ್ತಿಯ ಭಾವಚಿತ್ರವು ಆರು ತಿಂಗಳಿಗಿಂತ ಹಳೆಯದಾಗಿರತಕ್ಕದ್ದಲ್ಲ. 2003ರಲ್ಲಿ ನಗರದ ಪೂರ್ವ ಭಾಗದ ಒಂದು ಪೊಲೀಸ್ ಠಾಣೆಗೆ ಬಂದ ಈ ಸುತ್ತೋಲೆಯಲ್ಲಿ ಆಕ್ಷೇಪಿಸುವಂಥದ್ದೇನೂ ಇರಲಿಲ್ಲ. ಹಳೇ ಮುಖ ಹಿಡಿದುಕೊಂಡು ಈಗಿನ ಮನುಷ್ಯನನ್ನು ಹುಡುಕುವುದು ಹೇಗೆ, ನೀವೇ ಹೇಳಿ.

ತೊಂದರೆಯಾದದ್ದು ಪೀರಮ್ಮನೊಬ್ಬಳಿಗೆ. ಯಾದಗಿರಿ ಕಡೆಯಿಂದ ಬಂದು, ಕಗ್ಗದಾಸಪುರದಲ್ಲಿ ಬಾಡಿಗೆ ಕೋಣೆ ಹಿಡಿದು, ಕುಕ್ ಟೌನಿನ ಬಂಗಲೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಗಸು. ಅವಳ ದೊಡ್ಡ ಮಗ ಬಸು, ಬಿ.ಎ. ಎರಡನೇ ವರ್ಷ, ವಯಸ್ಸು ಹತ್ತೊಂಬತ್ತು. 1997ರ ಒಂದು ಬೆಳಿಗ್ಗೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಶಿವಾಜಿನಗರದ ಬಸ್ಸು ಹತ್ತಿದವನು ಕಾಲೇಜಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಆರು ವರ್ಷದಿಂದ ಅವಳು ಪ್ರತಿ ಸೋಮವಾರ ಠಾಣೆಗೆ ಬಂದು ಕೇಳುತ್ತಿದ್ದಳು. ಫೈಲು ತೆರೆದೇ ಇದೆ ಎಂದು ಠಾಣೆಯವರು ಹೇಳುತ್ತಿದ್ದರು. ಅಷ್ಟು ಕಿವಿಗೆ ಬಿದ್ದರೆ ಮುಂದಿನ ಸೋಮವಾರದ ತನಕ ಪಾಪ ಅವಳಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿತ್ತು.

“ಅಮ್ಮಾ, ಈ ಫೋಟೋ ಆಗಲ್ಲ,” ಎಂದರು ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಳ್ಳುತ್ತಿದ್ದ ರೈಟರ್ ದೊಡ್ಡಮುನಿಯಪ್ಪ. “ಆರು ವರ್ಷದ್ದು. ಹೊಸದು ತನ್ನಿ. ಇಲ್ದಿದ್ರೆ ಫೈಲ್ ಕ್ಲೋಸ್ ಮಾಡ್ಬೇಕಾಗುತ್ತೆ.”

“ಹೊಸಾದು ಎಲ್ಲಿಂದ ತರ್ಲಿ ಸಾಹೇಬ್ರ? ಹುಡುಗಾನ ಇಲ್ಲಲ್ರೀ!”

ಮಾತು ನ್ಯಾಯವಾದದ್ದೇ ಎಂದು ರೈಟರಿಗೂ ಅನ್ನಿಸಿತು. ಅವರೇನು ಕಲ್ಲೆದೆಯವರಲ್ಲ. ಪೀರಮ್ಮನ ಹಿಂದೆ ನಿಂತಿದ್ದ ಸಣ್ಣ ಮಗ ಲಕ್ಷ್ಮಿಕಾಂತನನ್ನು ಮೇಲಿನಿಂದ ಕೆಳಗೆ ನೋಡಿದರು. ಅಣ್ಣ ಹೋದಾಗ ಹದಿಮೂರಿದ್ದವನಿಗೆ ಈಗ ಹತ್ತೊಂಬತ್ತು; ಅದೇ ಹಣೆ, ಅದೇ ಮೂಗು, ಅದೇ ಗುಂಗುರು ಕೂದಲು; ಅಣ್ಣನ ಬಲಗಲ್ಲದ ಸುಟ್ಟ ಕಲೆಯೊಂದು ಇವನಿಗಿರಲಿಲ್ಲ, ಅಷ್ಟೆ. ಮಧ್ಯಾಹ್ನದೊಳಗೆ ಸ್ಟುಡಿಯೋದಲ್ಲಿ ಅವನ ಫೋಟೋ ತೆಗೆಸಿ, ‘ಬಸುವಿನ ಇತ್ತೀಚಿನ ಭಾವಚಿತ್ರ’ ಎಂದು ಬರೆದು, ಕೆಳಗೆ ಪೀರಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡರು. ಫೈಲು ಉಳಿಯಿತಲ್ಲ ಎಂದು ಅವಳು ರೈಟರಿಗೆ ಕೈಮುಗಿದಳು.

ಮುಂದೆ ನಡೆದದ್ದಕ್ಕೆ ಇಲಾಖೆಯನ್ನು ಮೆಚ್ಚಲೇಬೇಕು. ಆರು ವರ್ಷ ಅಲುಗಾಡದ ಕೇಸು ನಾಲ್ಕೇ ದಿನದಲ್ಲಿ ಬಗೆಹರಿಯಿತು. ಟಿನ್ ಫ್ಯಾಕ್ಟರಿಯ ಎಸ್‌ಟಿಡಿ ಬೂತಿನ ಗೋಡೆಗೆ ಪೋಸ್ಟರ್ ಅಂಟಿಸಿದ್ದರು. ಬಸ್ಸಿಗೆ ಕಾಯುತ್ತಿದ್ದ ಯಾರೋ ಪುಣ್ಯಾತ್ಮರು ಪೋಸ್ಟರ್ ನೋಡಿದರು, ಅದೇ ಬೂತಿನಲ್ಲಿ ಕೆಲಸಕ್ಕಿದ್ದು, ಒಳಗೆ ಕೂತು ಬಿಲ್ಲು ಹರಿಯುತ್ತಿದ್ದ ಲಕ್ಷ್ಮಿಕಾಂತನನ್ನೂ ನೋಡಿದರು, ಅಲ್ಲಿಂದಲೇ ಠಾಣೆಗೆ ಫೋನು ಮಾಡಿದರು. ಆ ಫೋನಿನ ಒಂದು ರೂಪಾಯಿಯನ್ನು ಲಕ್ಷ್ಮಿಕಾಂತನೇ ಇಸಿದುಕೊಂಡ.

ಇನ್‌ಸ್ಪೆಕ್ಟರ್ ಶ್ರೀನಿವಾಸಮೂರ್ತಿ ಪತ್ರಿಕೆಯವರನ್ನು ಕರೆಸಿ, ಹುಡುಗನ ಕೊರಳಿಗೆ ಹಾರ ಹಾಕಿದರು. “ಇನ್ಮೇಲೆ ತಾಯಿ ಹೊಟ್ಟೆ ಉರಿಸ್ಬೇಡಪ್ಪ.”

“ಆಯ್ತು ಸರ್, ತಪ್ಪಾಯ್ತು,” ಎಂದ ಲಕ್ಷ್ಮಿಕಾಂತ. ಅಷ್ಟು ಜನ ಪೊಲೀಸರ ಎದುರು ಬೇರೆ ಏನು ತಾನೆ ಹೇಳಿಯಾನು?

“ಇವ ಸಣ್ಣಾವ್ರೀ! ನನ್ನ ಬಸು ಇನ್ನಾ ಸಿಕ್ಕಿಲ್ರೀ!” ಪೀರಮ್ಮ ಗೋಳಾಡಿದಳು.

“ಫೋಟೋ ಇವನ್ದೇ ತಾನೆ? ಅದು ಬಸು ಅಂತ ಹೆಬ್ಬೆಟ್ಟು ಒತ್ತಿದ್ದು ನೀವೇ ತಾನೆ?” ರೈಟರ್ ಸಮಾಧಾನವಾಗಿಯೇ ಕೇಳಿದರು. “ಸಿಕ್ಕಿರೋರ್ನ ಹುಡುಕೋಕೆ ರೂಲ್ಸಲ್ಲಿ ಜಾಗ ಇಲ್ಲಮ್ಮ.”

ಪೀರಮ್ಮನಿಗೆ ತಿಳಿದುಹೋಯಿತು: ನಾಳೆಯಿಂದ ಈ ಊರಲ್ಲಿ ತನ್ನ ಮಗನನ್ನು ಹುಡುಕುವವರಿಲ್ಲ, ಹುಡುಕುತ್ತಿದ್ದೇವೆಂದು ಸುಳ್ಳಾದರೂ ಹೇಳುವವರಿಲ್ಲ.

ಕೇಸು ಮುಗಿಸುವ ನಮೂನೆಯಲ್ಲಿ ಕುಟುಂಬದ ವಿವರ ತುಂಬಬೇಕಿತ್ತು.

“ಮಕ್ಕಳೆಷ್ಟು?” ರೈಟರ್ ಕೇಳಿದರು.

“ಇಬ್ರು ರೀ.”

“ಒಬ್ಬ ಬಸು, ಸಿಕ್ಕಿದ್ದಾನೆ. ಇನ್ನೊಬ್ಬ ಲಕ್ಷ್ಮಿಕಾಂತ. ಅವನೆಲ್ಲಿ?”

ಪೀರಮ್ಮ ಹಾರ ಹಾಕಿಕೊಂಡು ನಿಂತವನನ್ನು ಒಂದು ಗಳಿಗೆ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಕಾಣೆಯಾಗ್ಯಾನ್ರೀ.”

“ಅಯ್ಯೋ, ಅದನ್ನ ಮೊದ್ಲೇ ಹೇಳ್ಬಾರ್ದಾ!” ರೈಟರ್ ಹೊಸ ಫೈಲು ತೆರೆದರು. “ಗುರುತು ಹೇಳಿ.”

“ಬಲಗಲ್ಲದ ಮ್ಯಾಲ ಸುಟ್ಟ ಕಲೆ ಐತ್ರಿ. ಬಿ.ಎ. ಓದತಿದ್ದ. ಹೆಸರು ಲಕ್ಷ್ಮಿಕಾಂತ ಅಂತನ ಬರಕೋರಿ. ಆದ್ರ ಕರಿಯೋವಾಗ ಬಸು ಅನ್ರಿ ಸಾಹೇಬ್ರ, ಬಸು ಅಂದ್ರನ ಅವ ಹೊಳ್ಳಿ ನೋಡ್ತಾನ.”

ರೈಟರ್ ಒಂದಕ್ಷರ ಬಿಡದೆ ಬರೆದುಕೊಂಡರು. ಸಾಕ್ಷಿಗೆ ಒಬ್ಬರು ಬೇಕಿತ್ತು. ಹುಡುಗ ಹಾರ ತೆಗೆದು ಮೇಜಿನ ಮೇಲಿಟ್ಟು, ಬಸು ಎಂದು ರುಜು ಹಾಕಿದ.